ಬೇಡ ಎಂದು ಬರೆದ ಚೀಟಿ

ಹನ್ನೊಂದು ವರ್ಷದ ಆ ಹುಡುಗಿಗೆ ಮುಟ್ಟು ಎಂದರೇನೆಂದು ಹೇಳುವವರು ಇರಲಿಲ್ಲ. ಅವಳು ಡಾಕ್ಟರ ಕೋಣೆಯೊಳಗಿದ್ದಳು. ಹೊರಗೆ ಬೆಂಚಿನಲ್ಲಿ, ನನ್ನ ಸರದಿಗೆ ಕಾಯುತ್ತಿದ್ದ ನನ್ನ ಪಕ್ಕ, ಅವಳ ತಾಯಿಯೂ ದೊಡ್ಡಮ್ಮನೂ ಕೂತಿದ್ದರು.

“ಅಜ್ಜಿ ರಕ್ತ ಹೋಗಿ ಸತ್ರಲ್ಲ, ಅದೇ ರೋಗ ತನಗೂ ಬಂದಿದೆ, ಸಾಯ್ತೀನಿ ಅಂದ್ಕೊಂಡಿದಾಳೆ ಅಕ್ಕ. ಮೂರು ತಿಂಗಳು ಬಾಯಿ ಬಿಟ್ಟಿಲ್ಲ. ಬಣ್ಣದ ಪೆಟ್ಟಿಗೆ, ಸ್ಕಿಪ್ಪಿಂಗ್ ಹಗ್ಗ, ಹೊಸ ಛತ್ರಿ, ಎಲ್ಲ ಗೆಳತಿಯರಿಗೆ ಹಂಚಿಬಿಟ್ಟಿದಾಳೆ.”

“ಸ್ಕೂಲಲ್ಲಿ ಹೇಳ್ಕೊಡ್ಲಿಲ್ವೇನೇ?”

“ಆ ಪಾಠಕ್ಕೆ ಒಪ್ಪಿಗೆ ಚೀಟಿ ಬಂದಿತ್ತು. ಬೇಡ ಅಂತ ಬರೆದು ಕಳಿಸ್ದೆ. ಇವಳೊಬ್ಬಳನ್ನ ಲೈಬ್ರರೀಲಿ ಕೂರಿಸಿದ್ರಂತೆ.”

“ಬುದ್ಧಿ ಎಲ್ಲಿಟ್ಟಿದ್ದೆ?”

“ಇಂಥವೆಲ್ಲ ಮನೇಲೇ ಹೇಳ್ಬೇಕು ಅಂದೋಳು ನೀನೇ ಅಲ್ವಾ?”

“ಅಂದೆ. ಹೇಳ್ಬೇಕಿತ್ತು ಮತ್ತೆ.”

“ಯಾವ ಬಾಯಲ್ಲಿ ಹೇಳ್ಲಿ? ನೀನು ನಿನ್ನ ಮಗಳಿಗೆ ಹೇಳಿದೀಯಾ?”

“ನಮಗೆ ಅಮ್ಮ ಹೇಳಿದ್ಲಾ? ನಾವೇನು ಸತ್ತೋದ್ವಾ?”

ನರ್ಸ್ ಬಾಗಿಲು ತೆರೆದಳು. “ಡಾಕ್ಟ್ರು ಹೇಳಿದ್ರೂ ನಿಮ್ಮ ಹುಡುಗಿ ನಂಬ್ತಿಲ್ಲ. ಅಮ್ಮನೇ ಹೇಳ್ಲಿ ಅಂತಾಳೆ, ಬನ್ನಿ.”

“ಅಕ್ಕ, ನೀನೇ ಹೋಗೇ.”

“ಹೆತ್ತೋಳು ನೀನು, ನಾನ್ಯಾಕೆ ಹೋಗ್ಲಿ?”

ಕೊನೆಗೆ ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು ಒಳಗೆ ಹೋದರು. ಬಾಗಿಲು ಮುಚ್ಚಿತು. ಒಳಗಿನಿಂದ “ನೀನು ಹೇಳು”, “ನೀನೇ ಹೇಳು” ಎಂಬ ಪಿಸುಮಾತು ಕೇಳುತ್ತಿತ್ತು.

ಹುಡುಗಿ ಕಳೆದುಕೊಂಡದ್ದು ಮೂರು ಸಾಮಾನು, ಮೂರು ತಿಂಗಳು.