ಹೊಯ್ಸಳರ ಮೂಗು

ಎಪ್ಪತ್ತೊಂಬತ್ತನೇ ಇಸವಿಯ ಒಂದು ಬೆಳಗ್ಗೆ ಅಜ್ಜಂಪುರದ ಬಸ್‌ಸ್ಟ್ಯಾಂಡಿನಲ್ಲಿ ತರೀಕೆರೆ ಬಸ್ಸಿಗೆ ಕಾದು ಕೂತಿದ್ದೆ. ಎದುರಿನ ಬೆಂಚಿನಲ್ಲಿ ಇಬ್ಬರು ಹೆಂಗಸರು. ಅವರ ನಡುವೆ ಒಂಬತ್ತನೇ ಕ್ಲಾಸಿನ ಹುಡುಗಿ, ತೊಡೆಯ ಮೇಲೆ ನೋಟ್‌ಬುಕ್ಕು.

"ದೊಡ್ಡೋಳ್ನ ನೋಡೋಕೆ ಗಂಡಿನ ಕಡೆಯೋರು ಬಂದಿದ್ರಂತಲ್ಲೇ ತೀರ್ಥಮ್ಮ, ಏನಾಯ್ತು?"

"ಈ ಚಿಕ್ಕೋಳು ಕೆಡಿಸ್ತಿದ್ಲು ಕಣೇ. ಡ್ರಾಯಿಂಗ್ ಮೇಷ್ಟ್ರು ಶಿಲ್ಪದ ಚರಿತ್ರೆ ಶುರು ಮಾಡಿ, ಅಮೃತಾಪುರದ ದೇವಸ್ಥಾನ ತೋರಿಸ್ಕೊಂಡು ಬಂದಾಗ್ನಿಂದ ಇವಳಿಗೆ ಮನುಷ್ಯರೆಲ್ಲ ಕಲ್ಲಾಗೇ ಕಾಣ್ತಾರೆ."

"ಏನ್ ಮಾಡಿದ್ಲು?"

"ಉಪ್ಪಿಟ್ಟಿನ ತಟ್ಟೆ ಹಿಡ್ಕೊಂಡು ಗಂಡಿನ ಮುಖಾನೇ ನೋಡ್ತಾ ನಿಂತ್ಲು. ಏನಮ್ಮ ನೋಡ್ತೀಯ ಅಂತ ಅವರಮ್ಮ ಕೇಳಿದ್ರೆ, 'ಮೂಗು ಮಾತ್ರ ಹೊಯ್ಸಳರ ಕಾಲದ್ದು, ಮಿಕ್ಕಿದ್ದೆಲ್ಲ ಆಮೇಲೆ ರಿಪೇರಿ ಮಾಡಿರೋದು' ಅಂದ್ಬಿಟ್ಲು."

"ಅಯ್ಯೋ ಶಿವನೇ! ಎದ್ದು ಹೋದ್ರಾ?"

"ಗಂಡು ಬಿದ್ದೂ ಬಿದ್ದೂ ನಕ್ಕ. ಅಲ್ಲೀವರ್ಗೂ ತಲೆ ತಗ್ಗಿಸ್ಕೊಂಡಿದ್ದ ದೊಡ್ಡೋಳು ಮೂಗು ನೋಡೋಕೆ ಅಂತ ತಲೆ ಎತ್ತಿದ್ಲು, ಇಳಿಸ್ಲೇ ಇಲ್ಲ. ನಿನ್ನೆ ಒಪ್ಪಿಗೆ ಅಂತ ಕಾಗ್ದ ಬಂತು. ಬೀರೂರಿಗೆ ಸೀರೆ ತರೋಕೆ ಹೊಂಟಿದೀವಿ."

"ಇವಳಿಗೆ ಬೈಲಿಲ್ವಾ?"

"ಬೈದೆ. 'ಮೂಗು ಒಡೀದೇ ಉಳಿದಿರೋದು ಅಪರೂಪ ಕಣಮ್ಮ, ನಾನು ಹೊಗಳಿದ್ದು' ಅಂತಾಳೆ!"

"ಹೌದು ಕಣಮ್ಮ, ಮೇಷ್ಟ್ರೇ ಹೇಳಿದಾರೆ," ಎಂದಳು ಹುಡುಗಿ.

"ಸಾಕು ಸುಮ್ನಿರೇ. ಇನ್ಮೇಲೆ ಯಾರ ಮುಖ ನೋಡಿದ್ರೂ ಬಾಯಿ ಬಿಡಲ್ಲ ಅಂತ ಆಣೆ ಇಟ್ಟಿದೀಯ, ನೆನಪಿರ್ಲಿ."

ಬೀರೂರು ಬಸ್ಸು ಬಂತು. ಹೆಂಗಸರು ಓಡಿದರು. ಹುಡುಗಿ ಮಾತ್ರ ನಿಂತು, ಮುಂದಿನ ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಆಣೆ ಮುರಿಯಲಿಲ್ಲ. ನೋಟ್‌ಬುಕ್ಕು ತೆರೆದು ಒಂದು ಸಾಲು ಬರೆದುಕೊಂಡು ಬಸ್ಸು ಹತ್ತಿದಳು.