ನಾಲ್ಕು ಗುಂಡಿಯ ಮಣ್ಣು

ಐದು ಗಂಟೆಗೆ ಹಿಡಿದ ಮಳೆ ಆರೂವರೆಯಾದರೂ ಬಿಡಲಿಲ್ಲ. ಶಿಶುವಿಹಾರದ ಮುಂದಿನ ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತು, ಮಕ್ಕಳನ್ನು ಕರೆದೊಯ್ಯಲು ಬಂದವರೆಲ್ಲ ಒಳಗೇ ಸಿಕ್ಕಿಬಿದ್ದಿದ್ದರು. ಕರೆಂಟೂ ಹೋಗಿತ್ತು. ಒಳಕೋಣೆಯಲ್ಲಿ ಮಕ್ಕಳು ಟಾರ್ಚಿನ ಬೆಳಕಲ್ಲಿ ಮರದ ತುಂಡುಗಳನ್ನು ಜೋಡಿಸಿ ಬೀಳಿಸುತ್ತ ಗಲಾಟೆ ಮಾಡುತ್ತಿದ್ದರೆ, ಹೊರಕೋಣೆಯಲ್ಲಿ ಚಾರ್ಜರ್ ದೀಪದ ಸುತ್ತ ದೊಡ್ಡವರು ಮಕ್ಕಳ ಪುಟಾಣಿ ಕುರ್ಚಿಗಳಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಮುದುರಿ ಕೂತಿದ್ದರು.

ಆಯಾ ರಜೆಯಲ್ಲಿದ್ದುದರಿಂದ ಬೆಳಗಿನಿಂದ ಒಬ್ಬಳೇ ಓಡಾಡಿ ಟೀಚರಮ್ಮ ಸುಸ್ತಾಗಿದ್ದಳು. ಆದರೂ ಅವಳಿಗೆ ಒಳಗೊಳಗೇ ಖುಷಿ. ಹಿತ್ತಲಿನ ತುಂಬ ಹಾಸಿರುವ ಕಾಂಕ್ರೀಟಿನ ಮೇಲೆ ಬಿದ್ದು ಮಂಡಿ ತರಚಿಸಿಕೊಳ್ಳದ ಮಗುವೇ ಇರಲಿಲ್ಲ. ಅದನ್ನು ಒಡೆಸಿ ಮಣ್ಣಿನ ಅಂಗಳ ಮಾಡಬೇಕು, ಮಕ್ಕಳ ಕೈಯಲ್ಲೇ ನಾಲ್ಕು ಗಿಡ ನೆಡಿಸಬೇಕು ಎಂದು ಎರಡು ವರ್ಷ ಅರ್ಜಿ ಹಿಡಿದು ಅಲೆದಿದ್ದಳು. ಅಂತೂ ಒಪ್ಪಿಗೆ ಸಿಕ್ಕಿತ್ತು. ನಾಳೆ ಬೆಳಿಗ್ಗೆ ಎಂಟಕ್ಕೆ ಮೇಸ್ತ್ರಿ ಆಳುಗಳೊಂದಿಗೆ ಬರುವವನಿದ್ದ; ಬಂದವರಿಗೆಲ್ಲ ಅದನ್ನು ಹೇಳಿಯೂ ಆಗಿತ್ತು.

"ತಾತ, ಸುಮ್ನೆ ಕೂತ್ರೆ ಹೊತ್ತು ಹೋಗಲ್ಲ. ಒಂದು ಕತೆ ಬಿಡಿ," ಎಂದಳು ಟೈಲರಮ್ಮ, ಮಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು.

"ಬಿಡೋಕೆ ನಂದೇನು ಗಾಳಿಪಟಾನಾ?" ಎಂದ ಮಣ್ಣುತಾತ. ಹಾಳುಬಿದ್ದ ಜಾಗಗಳಲ್ಲಿ ಗುಂಡಿ ತೋಡಿ, ಪರೀಕ್ಷೆಗೆ ಮಣ್ಣು ತೆಗೆಯುವ ಕೆಲಸದಲ್ಲಿ ಮೂವತ್ತು ವರ್ಷ ಕಳೆದಿದ್ದರಿಂದ ಅವನಿಗೆ ಆ ಹೆಸರು. ಅವನ ಮೊಮ್ಮಗಳೂ ಇಲ್ಲೇ ಬರುತ್ತಿದ್ದಳು. ಯಾವಾಗಲೂ ನಗಿಸುತ್ತಿದ್ದ ಮುದುಕ ಇವತ್ತು ಟೀಚರಮ್ಮನ ಮುಖವನ್ನೇ ನೋಡುತ್ತ ಕೂತಿದ್ದ. ಅದೇಕೋ ಅವಳಿಗೆ ಇರಿಸುಮುರಿಸಾಯಿತು.

"ದೆವ್ವದ್ದೇ ಹೇಳ್ತೀನಿ. ಯಾಕಾದ್ರೂ ಹೇಳಿದ್ಯೋ ಅಂತ ಆಮೇಲೆ ಬಯ್ಬಾರದು... ಇಲ್ಲಿ ಮೊದಲು ಬ್ಯಾಟರಿ ಕಾರ್ಖಾನೆ ಇತ್ತಲ್ಲ, ಅದು ಮುಚ್ಚಿ ಹದಿನೈದು ವರ್ಷ ಆಗಿತ್ತು. ಛಾವಣಿ ಬಿದ್ದು, ಗೋಡೇಲಿ ಗಿಡ ಬೆಳೆದು, ನಾಯೀನೂ ಒಳಗೆ ಹೋಗ್ತಿರಲಿಲ್ಲ ಅನ್ನಿ. ಬಡಾವಣೆಯವರೆಲ್ಲ ಸೇರಿ, ಇಲ್ಲಿ ಮಕ್ಕಳಿಗೊಂದು ಜಾಗ ಆಗಲಿ ಅಂದ್ರು. ಒಳ್ಳೇದೇ ಅಲ್ವಾ? ಆದ್ರೆ ಬ್ಯಾಟರಿ ಅಂದ್ರೆ ಸೀಸ. ಸೀಸದ ಪುಡಿ ಮಣ್ಣಲ್ಲಿ ಸೇರಿದ್ರೆ ಹೋಗೋ ಮಾತೇ ಇಲ್ಲ, ಮಕ್ಕಳ ಹೊಟ್ಟೆಗೆ ಹೋದ್ರಂತೂ ಮುಗೀತು. ಅದಕ್ಕೇ ನಮ್ಮನ್ನ ಕರೆಸಿದ್ರು. ಹನ್ನೆರಡು ಗುಂಡಿ ತೋಡಿ ಹನ್ನೆರಡು ಬಾಟ್ಲಿ ಮಣ್ಣು ಲ್ಯಾಬಿಗೆ ಕಳಿಸಬೇಕು. ಆದ್ರೆ ಅಡಿಗಲ್ಲು ಹಾಕೋ ದಿನ ನಿಗದಿಯಾಗಿಹೋಗಿತ್ತು, ಅಷ್ಟು ಬಾಟ್ಲಿ ನೋಡೋಕೆ ಲ್ಯಾಬಿನವರಿಗೆ ಪುರುಸೊತ್ತಿಲ್ಲ. ನಮ್ಮ ಇಂಜಿನಿಯರು, 'ನಾಲ್ಕು ಗುಂಡಿ ಮಣ್ಣು ಒಂದೇ ಬಾಟ್ಲಿಗೆ ಬೆರೆಸಿಬಿಡಯ್ಯ, ಮೂರರಲ್ಲಿ ಮುಗಿಯುತ್ತೆ' ಅಂದ್ರು. ಬೆರೆಸಿದ್ರೆ ಏನಾಗುತ್ತೆ ಹೇಳಿ? ಒಂದು ಗುಂಡೀಲಿ ವಿಷ ಇದ್ದು ಮೂರರಲ್ಲಿ ಇಲ್ಲದಿದ್ರೆ, ಬಾಟ್ಲೀಲಿ ಅದು ಕಾಲು ಭಾಗ ಆಗುತ್ತೆ. ಕಾಗದದ ಮೇಲೆ ಪಾಸು! ಗುಂಡೀಲಿ ಇದ್ದದ್ದು ಮಾತ್ರ ಗುಂಡೀಲೇ ಇರುತ್ತೆ..."

ಮಗನನ್ನು ಕರೆದೊಯ್ಯಲು ಬಂದು ಮೂಲೆಯಲ್ಲಿ ಕೂತಿದ್ದ ಔಷಧಿ ಅಂಗಡಿಯವನು ಮೊಬೈಲು ಕೆಳಗಿಟ್ಟ.

"ಒಂಬತ್ತನೇ ಗುಂಡಿ ಹಿತ್ತಲ ಮೂಲೇಲಿ. ಮಟಮಟ ಮಧ್ಯಾಹ್ನ, ಊಟದ ಹೊತ್ತು. ಮಣ್ಣು ಕರ್ರಗೆ ಬಂತು. ತಲೆ ಎತ್ತಿದ್ರೆ ಎದುರಿಗೊಬ್ಬಳು ಹೆಂಗಸು. ಖಾಕಿ ಕೋಟು, ಮೊಣಕೈವರೆಗೆ ಮಡಚಿದ ತೋಳು, ಕೈಯಿಂದ ನೀರು ತೊಟ್ಟಿಕ್ತಾ ಇದೆ. 'ಕೈ ತೋರಿಸಣ್ಣ' ಅಂದ್ಲು. ನಾನು ತೋರಿಸ್ದೆ! ಯಾಕೆ ತೋರಿಸ್ದೆ ಅಂತ ಇವತ್ತಿಗೂ ಗೊತ್ತಿಲ್ಲ. 'ಮೂರು ಸಲ ತೊಳ್ಕೊ. ಈ ಮಣ್ಣನ್ನ ಯಾವುದಕ್ಕೂ ಬೆರೆಸಬೇಡ' ಅಂದ್ಲು. ತೊಳ್ಕೊಳ್ಳೋಕೆ ನಲ್ಲಿ ಎಲ್ಲಿದೆ ಅಂತ ಆ ಕಡೆ ತಿರುಗಿದೆ. ಗೋಡೇಲಿ ನಲ್ಲಿ ಕಿತ್ತ ತೂತು ಇತ್ತು ಅಷ್ಟೆ. ಈ ಕಡೆ ತಿರುಗಿದ್ರೆ ಅವಳಿಲ್ಲ... ಕಾದ ನೆಲದ ಮೇಲೆ ನಾಲ್ಕೈದು ಹನಿ ಬಿದ್ದಿದ್ವು, ನಾನು ನೋಡ್ತಾ ನೋಡ್ತಾನೇ ಆರಿದ್ವು."

"ಕಾವಲಿನವನನ್ನ ಕೇಳ್ದೆ," ಎಂದು ತಾತ ಮುಂದುವರಿಸಿದ. "ಅವನು ಕಾರ್ಖಾನೆ ನಡೀತಿದ್ದಾಗಿಂದ ಇದ್ದವನು, ಬೀಡಿ ಕೆಳಗೆ ಹಾಕಿಬಿಟ್ಟ. ಅವಳ ಕೆಲಸವೇ ಅದಂತೆ. ಊಟಕ್ಕೆ ಮುಂಚೆ ನಲ್ಲಿ ಹತ್ರ ನಿಂತು ಇನ್ನೂರು ಆಳಿನ ಕೈ ತೊಳೆಸೋದು. ಒಬ್ಬರನ್ನೂ ಬಿಡ್ತಿರಲಿಲ್ಲವಂತೆ, ಮ್ಯಾನೇಜರನ್ನೂ. ಅವಳ ಪುಟ್ಟ ಮಗಳು ಮಧ್ಯಾಹ್ನ ಅಮ್ಮನ ಜೊತೆ ಉಣ್ಣೋಕೆ ಬಂದು, ಅಮ್ಮನ ಕೆಲಸ ಮುಗಿಯೋವರೆಗೆ ಹಿತ್ತಲ ಮೂಲೇಲಿ ಚರಂಡಿ ಮಣ್ಣಲ್ಲಿ ಆಡ್ತಾ ಕೂತಿರ್ತಿತ್ತಂತೆ... ಇನ್ನೂರು ಜನರ ಕೈ ನೋಡಿದವಳು ಆ ಎರಡು ಪುಟ್ಟ ಕೈ ನೋಡಲಿಲ್ಲ ಕಣಮ್ಮ. ಮಗು ಉಳೀಲಿಲ್ಲ. ಅವಳೂ ಹೆಚ್ಚು ದಿನ ಇರಲಿಲ್ಲ."

ಮಣ್ಣುತಾತ ತನ್ನ ಅಂಗೈಗಳನ್ನು ದೀಪದ ಬೆಳಕಿಗೆ ಹಿಡಿದು ನೋಡಿಕೊಂಡ.

"ಇಷ್ಟೆಲ್ಲ ಕೇಳಿದ ಮೇಲೂ ನಾನು ಏನು ಮಾಡ್ದೆ ಗೊತ್ತಾ? ಬೆರೆಸ್ದೆ. ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು ಕಲಸಿ, ಸೀಲು ಹಾಕಿ, ಸೈನು ಮಾಡ್ದೆ. ಜನರ ಕಣ್ಣಿಗೆ ಮಣ್ಣೆರಚೋದು ಅಂತಾರಲ್ಲ, ನಾನು ನಿಜವಾಗ್ಲೂ ಎರಚಿದೋನು. ಜಾಗ ಪಾಸಾಯ್ತು. ಆದ್ರೆ ಅವಳು ಬಿಡಬೇಕಲ್ಲ! ದಿನಾ ಊಟದ ಹೊತ್ತಿಗೆ ಆ ಮೂಲೇಲಿ ನಿಂತಿರೋಳು. ನನಗೆ ಅನ್ನ ಗಂಟಲಲ್ಲಿ ಇಳೀತಿರಲಿಲ್ಲ. ಕೊನೆಗೆ ಇಂಜಿನಿಯರ ಹತ್ರ ಹೋಗಿ, ಸಾರ್, ಅಲ್ಲಿ ವಿಷ ಇದೆ ಅಂದೆ. ರಿಪೋರ್ಟ್ ತೋರಿಸಿ ನಕ್ಕರು. ಮಾರನೇ ದಿನ ಹೋಗಿ, ಸಾರ್, ಹಿತ್ತಲ ನೆಲ ಕುಸೀತಿದೆ, ಗೋಡೆ ಬೀಳುತ್ತೆ ಅಂತ ಸುಳ್ಳು ಹೇಳ್ದೆ. ವಿಷಕ್ಕೆ ಹೆದರದವರು ಗೋಡೆಗೆ ಹೆದರಿದ್ರು! ಮೂರೇ ದಿನಕ್ಕೆ ಗೇಣು ದಪ್ಪ ಕಾಂಕ್ರೀಟು ಬಿತ್ತು. ಯಾಕೆ ಅಂತ ಯಾವ ಕಾಗದದಲ್ಲೂ ಬರೆದಿಲ್ಲ. ಅವತ್ತಿಂದ ಅವಳು ಕಾಣಿಸಲಿಲ್ಲ..."

"ಯಾವ ಮೂಲೆ ತಾತ?" ಎಂದಳು ಟೀಚರಮ್ಮ, ಕುರ್ಚಿಯಿಂದ ಎದ್ದು.

"ನೀರಿನ ತೊಟ್ಟಿ ಇದೆಯಲ್ಲ, ಅದರ ಪಕ್ಕ."

ಕಾಂಕ್ರೀಟು ಎಷ್ಟು ದಪ್ಪವಿದೆ ನೋಡಬೇಕೆಂದು ಮೇಸ್ತ್ರಿ ಇವತ್ತು ಬೆಳಿಗ್ಗೆ ಒಡೆದು ನೋಡಿದ್ದು ಅದೇ ಮೂಲೆ. ಬುಟ್ಟಿಯಷ್ಟು ಕರಿಮಣ್ಣು ಮೇಲೆ ಬಂದಿತ್ತು. ಮಕ್ಕಳು ಹೋ ಎಂದು ಓಡಿ ಬಂದು ಉಂಡೆ ಕಟ್ಟಿದ್ದವು, ಮನೆ ಕಟ್ಟಿದ್ದವು. ಅವಳೇ ನಗುತ್ತ ಫೋಟೋ ತೆಗೆದಿದ್ದಳು.

ಅದನ್ನು ಅವಳು ತಡವರಿಸುತ್ತ ಹೇಳಿ ಮುಗಿಸುವಷ್ಟರಲ್ಲಿ ಟೈಲರಮ್ಮ ಒಳಕೋಣೆಗೆ ಓಡಿ ಮಗಳನ್ನು ಎತ್ತಿಕೊಂಡು ಬಂದಿದ್ದಳು. "ಊಟಕ್ಕೆ ಮುಂಚೆ ಕೈ ತೊಳೆಸಿದ್ರಾ? ಟೀಚರ್, ನಿಮ್ಮನ್ನೇ ಕೇಳ್ತಿರೋದು, ಸೋಪು ಹಾಕಿ ತೊಳೆಸಿದ್ರಾ?"

ಟೀಚರಮ್ಮ ನೆನಪು ಮಾಡಿಕೊಳ್ಳಲು ನೋಡಿದಳು. ಊಟದ ಹೊತ್ತಿಗೆ ಮೇಸ್ತ್ರಿಯ ಫೋನು ಬಂದಿತ್ತು. ಒಳಗೆ ಸರಿಯಾಗಿ ಕೇಳಿಸದೆ ಗೇಟಿನ ಬಳಿ ಹೋಗಿದ್ದಳು. ತಿರುಗಿ ಬಂದಾಗ ಮಕ್ಕಳು ತಟ್ಟೆಯ ಮುಂದೆ ಕೂತಿದ್ದವು. ಅವಳು ಅತ್ತುಬಿಟ್ಟಳು.

"ಅಳಬೇಡಿ ತಾಯಿ. ಮೊದಲು ಮೇಸ್ತ್ರಿಗೆ ಫೋನ್ ಮಾಡಿ, ನಾಳೆ ಬರೋದು ಬೇಡ ಅನ್ನಿ," ಎಂದ ಮಣ್ಣುತಾತ. "ಮಕ್ಕಳನ್ನೆಲ್ಲ ಬೆಳಿಗ್ಗೆ ಆಸ್ಪತ್ರೆಗೆ ಕರ್ಕೊಂಡು ಹೋಗೋಣ, ರಕ್ತ ನೋಡಲಿ. ಆ ಮೂಲೆ ಮಣ್ಣನ್ನ ಬೇರೆ ಬಾಟ್ಲೀಲಿ ನಾನೇ ತೆಗೆದುಕೊಡ್ತೀನಿ. ಹಿಂದೆ ಏನು ಮಾಡಿದ್ದೆ ಅನ್ನೋದನ್ನೂ ಬರೆದು ಸೈನು ಮಾಡ್ತೀನಿ. ಏನು ಬೇಕಾದ್ರೂ ಆಗಲಿ ನನಗೆ."

ಅವಳು ಮೇಸ್ತ್ರಿಯ ನಂಬರು ಒತ್ತಿದಳು. ಆ ಕಡೆ ಗಂಟೆ ಬಡಿಯುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಎರಡನೇ ಸಲವೂ ಎತ್ತಲಿಲ್ಲ.

"ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದು ಇವತ್ತೇ ಯಾಕೆ ಹೇಳಿದ್ರಿ ತಾತ?" ಎಂದ ಔಷಧಿ ಅಂಗಡಿಯವನು ಸಿಟ್ಟಿನಿಂದ.

ಮುದುಕ ಮಕ್ಕಳಿದ್ದ ಒಳಕೋಣೆಯತ್ತ ನೋಡಿದ.

"ಮೊಮ್ಮಗಳು ಔಷಧಿ ಮರೆತುಬಂದಿದ್ಲು ಅಂತ ಮಧ್ಯಾಹ್ನ ಬಂದಿದ್ದೆ. ಮಕ್ಕಳೆಲ್ಲ ನಲ್ಲಿ ಹತ್ರ ಸಾಲಾಗಿ ನಿಂತಿದ್ವು. ಒಬ್ಬಳು ಬಗ್ಗಿ ಒಬ್ಬೊಬ್ಬರ ಕೈನೂ ಉಗುರು ಬಿಡದೆ ಉಜ್ಜಿ ತೊಳೀತಿದ್ಲು. ಟೀಚರಮ್ಮ ಇರಬೇಕು ಅಂದ್ಕೊಂಡೆ... ತಿರುಗಿ ನೋಡಿದ್ರೆ ನೀವು ಗೇಟಿನ ಹತ್ರ ಫೋನಲ್ಲಿ ಮಾತಾಡ್ತಾ ಇದ್ರಿ. ಇವತ್ತು ಒಂದು ಬುಟ್ಟಿ ಮಣ್ಣು, ಹೇಗೋ ತೊಳೆಸಿದ್ಲು. ನಾಳೆ ಅಷ್ಟೂ ಒಡೆದ್ರೆ... ಅವಳಿಗಾದ್ರೂ ಇರೋದು ಎರಡೇ ಕೈ ಅಲ್ವಾ ತಾಯಿ? ಇನ್ನೊಂದು ಸಲ ಫೋನ್ ಮಾಡಿ."