ಎಡ ಭುಜದ ಮೇಲಿನ ಬೆರಳು

ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಡಲಿಲ್ಲ. ಕರೆಂಟೂ ಹೋಗಿ, ಮೂರನೇ ಮಹಡಿಯ ನಮ್ಮ ಮನೆಯ ಕಿಟಕಿಗಳೆಲ್ಲ ಬೂದಿಯ ಬಣ್ಣಕ್ಕೆ ತಿರುಗಿದವು. ಅಜ್ಜಿಯ ಕತೆಗಳಲ್ಲೇ ಅರ್ಧ ವಾಸ ಮಾಡಿ ಬೆಳೆದವಳು ನಾನು. ಇಂಥ ಬೆಳಕು ಕಂಡರೆ ಕಾಲು ತಾನಾಗಿ ಅವಳ ಕೋಣೆಗೆ ಹೋಗುತ್ತದೆ. ನಾನು, ತಂಗಿ, ಚಿಕ್ಕಮ್ಮನ ಮಗ, ಮೂವರೂ ಮಂಚದ ಬಲಗಡೆ ಕೂತೆವು. ಕಣ್ಣಾಸ್ಪತ್ರೆಯಲ್ಲಿ ಮೂವತ್ತು ವರ್ಷ ದುಡಿದ ಅಜ್ಜಿಗೆ ಈಗ ಅವಳ ಕಣ್ಣೇ ಕೈಕೊಟ್ಟಿದೆ. ಎಡಗಡೆಯದ್ದು ಏನೂ ಕಾಣದು. ಹಾಗಾಗಿ ಎಲ್ಲವನ್ನೂ ಅವಳ ಬಲಕ್ಕೇ ಇಡುವುದು ನಮ್ಮ ರೂಢಿ. ಅವತ್ತು ಚಿಕ್ಕಮ್ಮನ ಮಗ ಮರೆತು, ಚಹದ ಲೋಟವನ್ನು ಎಡಗಡೆಯ ಸ್ಟೂಲಿನ ಮೇಲಿಟ್ಟು, "ಅಜ್ಜಿ, ದೆವ್ವದ ಕತೆ ಹೇಳು. ಹೋದ್ಸಲದ್ದು ಕೇಳಿ ನಗು ಬಂದಿತ್ತು" ಎಂದ.

ಅಜ್ಜಿ ಲೋಟ ಎತ್ತಿಕೊಂಡು ಒಂದು ಗುಟುಕು ಕುಡಿದು ಶುರು ಮಾಡಿದಳು.

"ನನ್ನ ಕೆಲಸ ಏನಿತ್ತು ಗೊತ್ತಾ? ಒಂದು ಕತ್ತಲೆ ಕೋಣೆ, ಅದರಲ್ಲಿ ಬೋಗುಣಿ ಹಾಗಿರೋ ದೊಡ್ಡ ಬಿಳಿ ಮಷೀನು. ಬಂದೋರ ಒಂದು ಕಣ್ಣಿಗೆ ಪಟ್ಟಿ ಕಟ್ಟಿ, ಗದ್ದ ಊರಿಸಿ ಕೂರಿಸ್ತಿದ್ದೆ. ಅವರು ನಟ್ಟ ನಡುವೆ ನೋಡ್ತಾ ಇರ್ಬೇಕು, ಅಲ್ಲಿ ಇಲ್ಲಿ ಸಾಸಿವೆಯಷ್ಟು ಬೆಳಕು ಮಿಂಚಿದಾಗೆಲ್ಲ ಕೈಯಲ್ಲಿರೋ ಗುಂಡಿ ಒತ್ತಬೇಕು. ಒತ್ತದೆ ಬಿಟ್ಟ ಕಡೆ ಕಣ್ಣಿನ ನರ ಸತ್ತಿದೆ ಅಂತ ಅರ್ಥ, ಕಾಗದದಲ್ಲಿ ಅಲ್ಲಿ ಕಪ್ಪು ಬರುತ್ತೆ. ಆದ್ರೆ ಮಕ್ಕಳಾ, ನರ ಸತ್ತೋರಿಗೆ ಕಪ್ಪು ಕಾಣಲ್ಲ... ಕಾಣ್ತಿಲ್ಲ ಅನ್ನೋದೇ ಗೊತ್ತಾಗಲ್ಲ. ಅಲ್ಲಿ ಯಾರು ಬಂದು ನಿಂತ್ರೂ ಗೊತ್ತಾಗಲ್ಲ.

"ನನ್ನ ಭಾವ, ನಮ್ಮಕ್ಕನ ಗಂಡ, ಬಸ್ ಡ್ರೈವರ್. ಕಂಪನಿಯೋರು ವರ್ಷಕ್ಕೊಂದ್ಸಲ ಕಣ್ಣಿನ ಕಾಗದ ಕೇಳ್ತಿದ್ರು. ಆ ವರ್ಷ ಎರಡೂ ಕಣ್ಣಲ್ಲಿ ಎಡಗಡೆ ಕೆಳಮೂಲೆ ಕಪ್ಪಗೆ ಬಂತು. ಜನ ಬಸ್ ಹತ್ತೋಕೆ ಕಾಯೋದು ಆ ಕಡೇನೇ ಅಲ್ವಾ? 'ನಿದ್ದೆಗೆಟ್ಟಿದ್ದೆ ಕಣಮ್ಮ, ಇನ್ನೊಂದ್ಸಲ ನೋಡು. ಇನ್ನೆರಡು ವರ್ಷ ಸರ್ವಿಸಿದೆ, ಹೊಟ್ಟೆ ಮೇಲೆ ಹೊಡೀಬೇಡ' ಅಂದ್ರು. ಹೋಗಲಿ ಅಂತ ವಾರ ಬಿಟ್ಟು ಕರೆದೆ. ಕಾಗದ ನೋಡಿದ್ರೆ... ಒಂದು ಚುಕ್ಕೆ ಕಪ್ಪಿಲ್ಲ!

"ಸತ್ತ ನರ ಚಿಗುರುತ್ತಾ? ನನಗೆ ಅನುಮಾನ. ಅಕ್ಕ ಹಿಂದೆ ಕೂತಿದ್ಲು. ಅವಳೇ ಕೆಮ್ಮಿ ಗಿಮ್ಮಿ ಸನ್ನೆ ಮಾಡಿದ್ಲಾ? 'ನಡಿ ಆಚೆ' ಅಂದೆ. 'ಒಡಹುಟ್ಟಿದೋಳನ್ನೇ ಕಳ್ಳಿ ಅಂತೀಯೇನೇ' ಅಂತ ಮೂತಿ ತಿರುವಿ ಹೋದ್ಲು. ಚಿಲಕ ಹಾಕ್ದೆ. ಮಷೀನಿನ ಸದ್ದಿಂದ ಗುರುತು ಹಿಡೀತಾರೇನೋ ಅಂತ ಭಾವನ ಕಿವಿಗೆ ಹತ್ತಿ ತುರುಕಿದೆ. 'ಮೂಗಾದ್ರೂ ಬಿಡಮ್ಮ, ಉಸಿರಾಡ್ಬೇಕು' ಅಂತ ನಕ್ರು. ಮತ್ತೆ ಶುರು ಮಾಡಿದ್ರೆ... ಆ ಸತ್ತ ಮೂಲೇಲಿ ಬೆಳಕು ಮಿಂಚೋದು, ಗುಂಡಿ ಟಕ್... ಮಿಂಚೋದು, ಟಕ್... ಒಂದೂ ತಪ್ಪಲಿಲ್ಲ. ಬೆಳಕಿಲ್ಲದಾಗ ಒಂದ್ಸಲಾನೂ ಒತ್ತಲಿಲ್ಲ.

"ಮುಗಿದ ಮೇಲೆ ಹತ್ತಿ ಕಿತ್ತು, ಮೆಲ್ಲಗೆ ಅಂದ್ರು: 'ನಿನ್ನ ಉಪಕಾರ ಸಾಯೋವರೆಗೂ ಮರೆಯಲ್ಲಮ್ಮ. ಅಕ್ಕನ ಮುಂದೆ ಅಷ್ಟು ಜೋರು ಮಾಡಿ, ಆಮೇಲೆ ಭುಜ ಮುಟ್ಟಿ ಮುಟ್ಟಿ ಹೇಳಿಕೊಟ್ಯಲ್ಲ...'

"ನಾನು ಅವರ ಬಲಗಡೆ ಇದ್ದೆ ಮಕ್ಕಳಾ. ಎರಡೂ ಕೈ ಮಷೀನಿನ ಮೇಲಿದ್ವು. 'ಯಾವ ಭುಜ ಭಾವ?' ಅಂದೆ. 'ಎಡ' ಅಂದ್ರು. 'ಅದೆಷ್ಟು ತಣ್ಣಗಿದೆಯೇ ನಿನ್ನ ಬೆರಳು!'

"ನನಗಿಂತ ಮೊದಲು ಆ ಕೋಣೇಲಿ ದೊಡ್ಡ ಮೇಡಂ ಅಂತಿದ್ರು, ನನಗೆ ಕೆಲಸ ಕಲಿಸಿದೋರು. ಮನಸ್ಸು ತೀರಾ ಮೆತ್ತಗೆ. ಕೆಲಸ ಹೋಗುತ್ತೆ ಅಂತ ಯಾರಾದ್ರೂ ಅತ್ರೆ ಸಾಕು, ಅವರ ಎಡಗಡೆ ನಿಂತು, ಬೆಳಕು ಬಂದಾಗೆಲ್ಲ ಭುಜಕ್ಕೆ ಬೆರಳು ತಾಗಿಸಿ ಪಾಸು ಮಾಡಿಸೋರು. ನಾನು ಕಣ್ಣಾರೆ ಕಂಡೂ ಬಾಯಿ ಬಿಟ್ಟಿರಲಿಲ್ಲ. ಒಂದಿನ ಆಸ್ಪತ್ರೆ ಗೇಟಿನ ಮುಂದೆ ಬಸ್ಸಿಗೆ ಕಾಯ್ತಾ ನಿಂತಿದ್ದ ಮೇಡಂ ಮೇಲೆ ಬಸ್ಸೇ ಹತ್ತಿತು, ಅಲ್ಲೇ ಹೋದ್ರು. 'ಅಲ್ಲಿ ಯಾರೂ ಇರಲಿಲ್ಲ, ದೇವರಾಣೆ' ಅಂದ ಆ ಡ್ರೈವರು. ಸುಳ್ಳಲ್ಲ, ಅವನಿಗೆ ಯಾರೂ ಕಂಡಿರಲಿಲ್ಲ. ಅವನನ್ನ ಪಾಸು ಮಾಡಿಸಿದ್ದು ಯಾರು? ನೀವೇ ಹೇಳಿ.

"ಸತ್ತ ಮೇಲೂ ಅದೇ ಕರುಣೇನಾ? ಅಥವಾ ತಾನಿರೋ ಕಡೆಗೆ ಇನ್ನಷ್ಟು ಜನ ಬರಲಿ ಅಂತಾನಾ?... ನನಗೆ ಇವತ್ತಿಗೂ ತಿಳೀದು. ಆಮೇಲಿನ ಎರಡೂ ಕಾಗದ ಹರಿದು, ಮೊದಲನೇದನ್ನೇ ಕಂಪನಿಗೆ ಕಳಿಸಿದೆ. ಭಾವನ ಕೆಲಸ ಹೋಯ್ತು. ಅಕ್ಕ ಸಾಯೋವರೆಗೂ ನನ್ನ ಮನೆ ಮೆಟ್ಟಿಲು ಹತ್ತಲಿಲ್ಲ."

ಮಳೆ ಒಂದೇ ಸಮನೆ ಸುರಿಯುತ್ತಿತ್ತು. "ಆ ಮೇಡಂ... ಆಮೇಲೆ ಬರಲೇ ಇಲ್ವಾ?" ಎಂದ ಚಿಕ್ಕಮ್ಮನ ಮಗ. ಅವನ ದನಿಯಲ್ಲಿ ತಮಾಷೆ ಉಳಿದಿರಲಿಲ್ಲ.

"ಹೋದ ವಾರ ನನ್ನನ್ನೂ ಅದೇ ಮಷೀನಿಗೆ ಕೂರಿಸಿದ್ರಲ್ಲ... 'ಅಜ್ಜೀ, ಎಲ್ಲಾ ಸರಿಹೋಗಿದೆ!' ಅಂತ ಡಾಕ್ಟರ್ ಹುಡುಗಿ ಕುಣಿದಾಡಿದ್ಲು. ಮನೇಲಿ ನಾನು ಯಾರಿಗೂ ಹೇಳಲಿಲ್ಲ." ಅಜ್ಜಿ ಖಾಲಿ ಲೋಟವನ್ನು, ಅತ್ತ ತಿರುಗದೆ, ಎಡಗಡೆಯ ಸ್ಟೂಲಿನ ಮೇಲೆ ಮೊದಲಿದ್ದ ಜಾಗದಲ್ಲೇ ಇಟ್ಟಳು. "ನೀವು ಮೂವರೂ ಬಲಗಡೆ ಕೂತಿದ್ದೀರಿ. ಲೋಟ ಎಲ್ಲಿದೆ ಅಂತ ನನಗೆ ಯಾರು ಹೇಳಿದ್ರು? ಒಬ್ಬರಾದ್ರೂ ಕೇಳಿದ್ರಾ?"

ತಂಗಿ ಚಳಿಗೆ ನಡುಗುತ್ತ ಕಿಟಕಿ ಮುಚ್ಚಲು ಎದ್ದಳು.

"ಬೇಡ ಕಂದಾ, ಕೂತ್ಕೋ... ಈ ಥಂಡಿ ಮಳೇದಲ್ಲ."